ಆಸೆ ಮೊದಲು, ಅಂಜಿಕೆ ಆಮೇಲೆ

ಸಿಇಟಿ ಬರೆದ ಮಕ್ಕಳು ಪ್ರತಿ ವರ್ಷ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ತಾತ, ನನ್ನ ರ‍್ಯಾಂಕಿಗೆ ಕಷ್ಟ ಅನ್ನಿಸುವ ಕಾಲೇಜನ್ನು ಮೊದಲು ಹಾಕಿದರೆ, ಸಿಗುವ ಕಾಲೇಜೂ ಕೈತಪ್ಪುತ್ತದಾ?”

ಇಲ್ಲ ಮಗು, ತಪ್ಪುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ನಮ್ಮ ಬ್ಯಾಂಕಿನ ಟೋಕನ್ ಇದ್ದ ಹಾಗೆ. ನಿನ್ನ ರ‍್ಯಾಂಕೇ ನಿನ್ನ ಟೋಕನ್. ಸರದಿ ಬಂದಾಗ ಕಂಪ್ಯೂಟರ್ ನಿನ್ನ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದರಲ್ಲಿ ನಿನಗೆ ಸೀಟಿಲ್ಲವೇ? ಎರಡನೆಯದು. ಅಲ್ಲೂ ಇಲ್ಲವೇ? ಮೂರನೆಯದು. ಸೀಟು ಸಿಕ್ಕ ಕಡೆ ನಿಂತುಬಿಡುತ್ತದೆ. ಅದರ ಕೆಳಗಿನದನ್ನು ನೋಡುವುದೇ ಇಲ್ಲ.

ನಾನು ಎಡವಿದ್ದು ಅಲ್ಲೇ. “ಮನೆಗೆ ಹತ್ತಿರ, ಖಂಡಿತ ಸಿಗುತ್ತೆ” ಅಂತ ಮೊಮ್ಮಗಳ ಪಟ್ಟಿಯಲ್ಲಿ ಒಂದು ಕಾಲೇಜನ್ನು ಮೊದಲು ಹಾಕಿಸಿದೆ. ಅದೇ ಸಿಕ್ಕಿತು. ಅವಳು ಆಸೆಪಟ್ಟಿದ್ದ ಕಾಲೇಜಿನಲ್ಲಿ ಅವಳಿಗಿಂತ ಹಿಂದಿನ ರ‍್ಯಾಂಕಿನ ಗೆಳತಿಗೆ ಸೀಟಾಯಿತು. ಮಗು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ಆದ್ದರಿಂದ ಮಕ್ಕಳೇ, ಮನಸ್ಸಿಗೆ ಬೇಕಾದ್ದು ಮೇಲೆ, ಸುಲಭವಾಗಿ ಸಿಗುವಂಥದ್ದು ಕೆಳಗೆ. ಸಿಕ್ಕರೂ ಸೇರಲಾರೆ ಅನ್ನುವ ಕಾಲೇಜನ್ನು ಬರೆಯಲೇಬೇಡಿ. ಮೊದಲು ಅಣಕು ಹಂಚಿಕೆ ನಡೆಯುತ್ತದೆ. ಅದನ್ನು ನೋಡಿ ಕ್ರಮ ಬದಲಿಸಲು ಅವಕಾಶವಿದೆ.

ಅಜ್ಜ ಅಜ್ಜಿಯರೇ, ಫೀಸು, ಹಾಸ್ಟೆಲು, ಬಸ್ಸಿನ ಲೆಕ್ಕ ನಾವು ಹಾಕಿಕೊಡೋಣ. ಪಟ್ಟಿಯ ಮೊದಲ ಸಾಲನ್ನು ಮಾತ್ರ ಮಗುವೇ ಬರೆಯಲಿ.