ದೂರ ನಿಂತು ನೋಡುವ ಗಾಜು

ನಮ್ಮ ಕಾಲೇಜಿಗೆ ಒಂದು ಟೆಲಿಫೋಟೋ ಜೂಮ್ ಲೆನ್ಸನ್ನು ಕೊಳ್ಳಬೇಕೆಂಬ ಮಾತು ಈ ವರ್ಷ ವಿದ್ಯಾರ್ಥಿಸಂಘದಲ್ಲಿ ಎರಡು ಸಲ ಬಂದು, ಎರಡು ಸಲವೂ ನಗೆಯಲ್ಲಿ ಮುಗಿಯಿತು. ಕಲಾವಿಭಾಗದವರಿಗೆ ಈ ಯಂತ್ರದ ಗೊಡವೆ ಏತಕ್ಕೆಂದು ಕೆಲವರು ಕೇಳಿದರು. ಕೊಳ್ಳುವುದಾದರೆ ಎಲ್ಲಕ್ಕಿಂತ ದೊಡ್ಡದನ್ನೇ ಕೊಳ್ಳಬೇಕೆಂದು ಇನ್ನು ಕೆಲವರು ಹಟ ಹಿಡಿದರು. ಎರಡು ಪಕ್ಷಗಳೂ ತಪ್ಪೆಂದು ನನ್ನ ಅಭಿಪ್ರಾಯ. ಕಾರಣ ಹೇಳುವ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಬೇಸಗೆಯಲ್ಲಿ ಹಿಪ್ಪರಗಿ ಬ್ಯಾರೇಜಿನ ಕೆಳಗೆ ಕೃಷ್ಣೆ ಇಳಿದು ಮರಳುದಿಬ್ಬಗಳು ಎದ್ದಿದ್ದವು. ಒಂದರ ಮೇಲೆ ರೀವಹಕ್ಕಿಗಳ ಜೋಡಿ ಕಂಡಿತು: ಹಳದಿ ಕೊಕ್ಕು, ಕರಿಯ ಟೊಪ್ಪಿಗೆ, ಕವಲೊಡೆದ ಬಾಲ. ಈ ಹಕ್ಕಿ ಕಡ್ಡಿ ಕೂಡಿಸಿ ಗೂಡು ಕಟ್ಟುವುದಿಲ್ಲ. ಬರಿಯ ಮರಳಿನಲ್ಲಿ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ನನ್ನ ಕೈಯಲ್ಲಿದ್ದುದು ಗೆಳೆಯನ ಕ್ಯಾಮರಾ, ಅದರೊಡನೆ ಬಂದ ಮೋಟು ಲೆನ್ಸು. ಅದರಲ್ಲಿ ಹಕ್ಕಿ ಸಾಸಿವೆಯ ಕಾಳಿನಷ್ಟಾಗಿತ್ತು. ಹತ್ತಿರ ಹೋದೆ; ಇನ್ನೂ ಹತ್ತಿರ ಹೋದೆ. ಹಕ್ಕಿಗಳು ಎದ್ದು ನನ್ನ ತಲೆಯ ಮೇಲೆ ಚೀರುತ್ತ ಸುತ್ತತೊಡಗಿದವು. ಏಪ್ರಿಲ್ ತಿಂಗಳು, ಹನ್ನೊಂದು ಗಂಟೆಯ ಬಿಸಿಲು. ಅಂಥ ಹೊತ್ತಿನಲ್ಲಿ ತಾಯಿಹಕ್ಕಿ ಮೊಟ್ಟೆಯ ಮೇಲೆ ಕೂಡುವುದು ಅದಕ್ಕೆ ನೆರಳಾಗಲಿಕ್ಕೆ ಎಂಬುದನ್ನು ಆಮೇಲೆ ಓದಿ ತಿಳಿದೆ. ನಾನು ಅಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ನಾಲ್ಕು ದಿನ ಬಿಟ್ಟು ಹೋದಾಗ ಮೊಟ್ಟೆಗಳಿದ್ದವು, ಹಕ್ಕಿಗಳಿರಲಿಲ್ಲ. ಚಿತ್ರವೂ ಚೆನ್ನಾಗಿ ಬಂದಿರಲಿಲ್ಲ.

ಅಂದಿನಿಂದ ನನಗೆ ಉದ್ದನೆಯ ಲೆನ್ಸೆಂದರೆ ದೂರ ನಿಲ್ಲುವ ಉಪಾಯವೆಂದೇ ತೋರುತ್ತದೆ. ಪೂರ್ಣಚಂದ್ರ ತೇಜಸ್ವಿಯವರೂ ಟಿ.ಎನ್.ಎ. ಪೆರುಮಾಳರೂ ಫಿಲ್ಮಿನ ಕಾಲದಲ್ಲಿಯೇ ಹಕ್ಕಿಗಳ ಚಿತ್ರ ತೆಗೆಯಲಿಲ್ಲವೇ ಎಂದು ಗೆಳೆಯರೊಬ್ಬರು ವಾದಿಸಿದರು. ತೆಗೆದರು, ನಿಜ. ಅವರ ತಾಳ್ಮೆ ನಮಗೂ ಉಂಟೆಂದು ಎದೆ ಮುಟ್ಟಿ ಹೇಳಬಲ್ಲವರು ಯಾರು?

ಇನ್ನು ಯಾವ ಲೆನ್ಸು ಎಂಬ ಪ್ರಶ್ನೆ. ಬನಹಟ್ಟಿಯಲ್ಲಿ ಮದುವೆಯ ಚಿತ್ರ ತೆಗೆಯುವ ಒಬ್ಬರಿಂದ ಕ್ಯಾನನ್ ಕಂಪನಿಯ ಆರ್‌ಎಫ್ 100-400 ಮಿಲಿಮೀಟರ್ ಲೆನ್ಸನ್ನೂ ಆರ್10 ಕ್ಯಾಮರಾವನ್ನೂ ಎಂಟು ದಿನ ಬಾಡಿಗೆಗೆ ತಂದೆ. 2021ರಲ್ಲಿ ಹೊರಬಂದ ಈ ಲೆನ್ಸಿನ ತೂಕ 635 ಗ್ರಾಂ. ದೊಡ್ಡದನ್ನೇ ಬೇಡುವವರು ಹೇಳುವ ಸೋನಿಯ 200-600 ಎರಡು ಕಿಲೋಗ್ರಾಮಿಗೂ ಹೆಚ್ಚು. ಹೊಳೆಯ ದಂಡೆಯಲ್ಲಿ ಎರಡು ಮೈಲಿ ನಡೆದವರಿಗೆ ಆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರ್10ರ ಸಂವೇದಕ ಚಿಕ್ಕದಾದುದರಿಂದ 400 ಎಂಬುದು ನೋಟದಲ್ಲಿ 640ಕ್ಕೆ ಸಮವಾಗುತ್ತದೆ.

ಇದರ ದೊಡ್ಡ ಕೊರತೆ ಬೆಳಕಿನದು. ಪೂರ್ತಿ ಚಾಚಿದಾಗ ಇದರ ರಂಧ್ರ ಎಫ್/8ಕ್ಕಿಂತ ಹೆಚ್ಚು ತೆರೆಯದು; ಎಫ್/5.6ರ ಲೆನ್ಸಿಗೆ ಹೋಲಿಸಿದರೆ ಅರ್ಧ ಬೆಳಕು. ಹಳೆಯ ಕನ್ನಡಿ ಕ್ಯಾಮರಾಗಳಲ್ಲಿ ಇಂಥ ಲೆನ್ಸು ಹಾಕಿದರೆ ನೋಟಕಿಂಡಿ ಕತ್ತಲಾಗುತ್ತಿತ್ತು, ಹಲವು ಕ್ಯಾಮರಾಗಳ ಆಟೋಫೋಕಸ್ ಕೆಲಸವನ್ನೇ ನಿಲ್ಲಿಸುತ್ತಿತ್ತು. ಕನ್ನಡಿಯಿಲ್ಲದ ಕ್ಯಾಮರಾದಲ್ಲಿ ಸಂವೇದಕವೇ ಕಂಡು, ಸಂವೇದಕವೇ ಫೋಕಸ್ ಮಾಡಿ, ಕಿಂಡಿಯ ಪರದೆಯನ್ನು ಬೆಳಗಿಸಿ ತೋರಿಸುವುದರಿಂದ ಆ ತೊಡಕು ಕಳೆದಿದೆ. ಆದರೆ ಬೆಳಕಿನ ಲೆಕ್ಕ ತಪ್ಪದು. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವ ಕಪ್ಪು-ಬಿಳಿ ಮಿಂಚುಳ್ಳಿಯನ್ನು ಹಿಡಿಯಲು ಸೆಕೆಂಡಿನ 2000ನೆಯ ಒಂದು ಭಾಗದ ವೇಗ ಬೇಕು. ತುಂಬು ಬಿಸಿಲಿನಲ್ಲಿ ಇದಕ್ಕೆ ಐಎಸ್‌ಒ 500 ಸಾಕು; ಸೂರ್ಯ ಮೂಡಿದ ಹೊಸತರಲ್ಲಿ ಅದು ಸಾವಿರಗಳಿಗೆ ಏರಿ ಚಿತ್ರದ ತುಂಬ ರವೆಯಂಥ ಕಣಗಳು ಬೀಳುತ್ತವೆ. ಲೆನ್ಸಿನೊಳಗಿನ ಸ್ಥಿರಕ ನಮ್ಮ ಕೈನಡುಕವನ್ನು ತಡೆಯುತ್ತದೆ, ಹಕ್ಕಿಯ ರೆಕ್ಕೆಯನ್ನು ತಡೆಯಲಾರದು.

ಮತ್ತೊಂದು ದೋಷ: ಧೂಳಿಗೂ ಮಳೆಗೂ ಇದಕ್ಕೆ ರಕ್ಷಣೆಯಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಓಡುವ ಹಂಗಾಮಿನಲ್ಲಿ ನಮ್ಮ ದಾರಿಗಳ ಧೂಳನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಬಿಸಿಲುಮರೆಯ ಕೊಳವೆಯನ್ನು ಸಹ ಬೇರೆಯಾಗಿ ಕೊಳ್ಳಬೇಕು; ಇದು ಶುದ್ಧ ಜಿಪುಣತನ.

ಹಾಗಿದ್ದರೂ ನಾನು ಚಿಕ್ಕದರ ಪಕ್ಷ. ಬೇಸಗೆಯಲ್ಲಿ ಒಂಬತ್ತು ಗಂಟೆ ದಾಟಿತೆಂದರೆ ಮರಳಿನ ಮೇಲಿನ ಗಾಳಿ ಕುದಿಯುವ ಎಸರಿನಂತೆ ನಡುಗುತ್ತದೆ. ಆಗ ಇನ್ನೂರು ಮೀಟರು ದೂರದ ಹಕ್ಕಿ ಎಷ್ಟು ಲಕ್ಷದ ಲೆನ್ಸಿನಲ್ಲಿಯೂ ಕದಡಿಯೇ ಕಾಣುವುದು. ದೊಡ್ಡ ಲೆನ್ಸಿಗೆ ಕೊಟ್ಟ ಹೆಚ್ಚಿನ ಹಣವನ್ನು ನಮ್ಮ ಹೊಳೆಯ ಜಳವೇ ನುಂಗಿಬಿಡುತ್ತದೆ.

ಚಿಕ್ಕದೇ ಆದರೂ ಅಗ್ಗವೇನಲ್ಲ. ಬೆಲೆ ಕೇಳಿ ನಮ್ಮ ಅವ್ವ, “ಅಷ್ಟ ರೊಕ್ಕದಾಗ ಒಂದ್ ಎಮ್ಮಿ ಬರತೈತಲ್ಲೋ ತಮ್ಮಾ” ಎಂದಳು. ಅವಳ ಲೆಕ್ಕ ಸರಿಯಾಗಿಯೇ ಇದೆ. ಒಬ್ಬೊಬ್ಬರು ಕೊಳ್ಳಲಾಗದ್ದನ್ನು ಕಾಲೇಜು ಕೊಳ್ಳಬೇಕೆನ್ನುವುದು ಅದಕ್ಕಾಗಿಯೇ. ಗ್ರಂಥಾಲಯದ ಪುಸ್ತಕದಂತೆ ಸಹಿ ಪಡೆದು ಮೂರು ದಿನಕ್ಕೆ ಕೊಡಲಿ. ಮಾರ್ಚಿನಿಂದ ಮೇ ತಿಂಗಳವರೆಗೆ ಒಯ್ಯುವವರು ಮರಳುದಿಬ್ಬವನ್ನು ತುಳಿಯುವುದಿಲ್ಲ, ದಂಡೆಯ ಮೇಲಿಂದಲೇ ತೆಗೆಯುತ್ತೇವೆಂದು ಅದೇ ಪುಸ್ತಕದಲ್ಲಿ ಬರೆದುಕೊಡಲಿ. ಮೊದಲನೆಯ ಸಹಿಯನ್ನು ನಾನು ಹಾಕುತ್ತೇನೆ.