ಸುತ್ತು ಹೊಡೆಯುವ ರೈಲು ಸಾಕು

ಪ್ರದರ್ಶನಕ್ಕೆಂದು ಪುಟ್ಟ ಮಾದರಿ ರೈಲು ಕಟ್ಟುವವರು ಒಂದೇ ಮೇಜಿನ ಮೇಲೆ ಗುಡ್ಡ, ಸುರಂಗ, ಸೇತುವೆ ತುರುಕಿ, ಸುತ್ತಲೂ ಹಳಿ ಹಾಕುತ್ತಾರೆ. ಮೂರನೇ ಸುತ್ತಿಗೆ ಮಕ್ಕಳೂ ಪಕ್ಕದ ಮೇಜಿಗೆ ಹೋಗಿರುತ್ತವೆ. ಅದರ ಬದಲು ತಾಳಗುಪ್ಪದಂಥ ಕೊನೆಯ ನಿಲ್ದಾಣವೊಂದನ್ನು ಕಟ್ಟಬಾರದೇಕೆ? ಶಿವಮೊಗ್ಗದಿಂದ ಅಲ್ಲಿಗೆ ಮೀಟರ್ ಗೇಜಿನಲ್ಲಿ ರೈಲ್‌ಬಸ್ ಓಡುತ್ತಿತ್ತು. ಒಂದೇ ಬೋಗಿ, ಗೇಣುದ್ದದ ಪ್ಲಾಟ್‌ಫಾರ್ಮ್ ಸಾಕು.

ಅಳತೆಯೂ ಒಗ್ಗುತ್ತದೆ. 1:87ರ ಎಚ್‌ಒ ಮಾದರಿಯ 16.5 ಮಿ.ಮೀ. ಹಳಿ ಯುರೋಪಿನ 1,435 ಮಿ.ಮೀ. ಗೇಜಿಗೆ ಹೊಂದುವಂಥದ್ದು. ನಮ್ಮ 1,676 ಮಿ.ಮೀ. ಬ್ರಾಡ್ ಗೇಜಿಗೆ 19 ಮಿ.ಮೀ.ಗೂ ಹೆಚ್ಚು ಬೇಕು. ಅಂಗಡಿಯ ಹಳಿಯ ಮೇಲೆ ನಿಲ್ಲಿಸಿದರೆ ನಮ್ಮ ಎಂಜಿನ್ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಮೀಟರ್ ಗೇಜಿಗೆ 12 ಮಿ.ಮೀ. ಹಳಿ ಸಿದ್ಧವಾಗಿಯೇ ಸಿಗುತ್ತದೆ.

ತಾಳಗುಪ್ಪದ ದಾರಿಯೂ ಈಗ ಬ್ರಾಡ್ ಗೇಜ್. ಹಳೆಯದನ್ನು ಕಾಣದ ಮಗುವಿಗೆ ಮೇಜಿನ ಮೇಲಾದರೂ ಅದು ಬಂದು ನಿಲ್ಲಲಿ.