ನೋಡದೆ ಬಂದ ಜಲಪಾತ

ಪ್ರವಾಸ ಮುಗಿಸಿ ಬಂದವರನ್ನು ನಮ್ಮ ಜನ ಮೊದಲು ಕೇಳುವುದು 'ಏನೇನು ನೋಡಿದಿರಿ?' ಎಂದು. ನೋಡಿದ ಸ್ಥಳಗಳ ಪಟ್ಟಿ ಉದ್ದವಾದಷ್ಟೂ ಪ್ರವಾಸ ಸಾರ್ಥಕವೆಂಬ ಎಣಿಕೆ. 2023ರ ಜುಲೈ ತಿಂಗಳಲ್ಲಿ ನಾನು ಆಸ್ಟ್ರೇಲಿಯದ ಉತ್ತರ ತುದಿಯಲ್ಲಿರುವ ಡಾರ್ವಿನ್ ನಗರದಿಂದ ಕಕಡು ರಾಷ್ಟ್ರೀಯ ಉದ್ಯಾನದವರೆಗೆ ಒಬ್ಬನೇ ಕಾರು ನಡೆಸಿಕೊಂಡು ಹೋಗಿ ಬಂದೆ. ಅಲ್ಲಿ ನೋಡಿದ್ದು ಬಹಳವಿದೆ. ಆದರೆ ನೋಡಲಾಗದೆ ಬಿಟ್ಟು ಬಂದ ಒಂದು ಜಲಪಾತವೇ ನನ್ನನ್ನು ಹೆಚ್ಚು ಚಿಂತನೆಗೆ ಹಚ್ಚಿತು. ಒಂದು ನಾಡಿನ ಯೋಗ್ಯತೆಯನ್ನು ಅದು ತೆರೆದಿಟ್ಟ ಬಾಗಿಲುಗಳಿಂದಷ್ಟೇ ಅಲ್ಲ, ಮುಚ್ಚಿದ ಬಾಗಿಲುಗಳಿಂದಲೂ ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ಡಾರ್ವಿನ್ನಿನಿಂದ ಸುಮಾರು 35 ಕಿ.ಮೀ. ದಕ್ಷಿಣಕ್ಕೆ ಬಂದು ಎಡಕ್ಕೆ ತಿರುಗಿದರೆ ಆರ್ನ್‌ಹೆಮ್ ಹೆದ್ದಾರಿ ಸಿಗುತ್ತದೆ. ಆ ದಾರಿಯಲ್ಲಿ ಮೊದಲು ಎದುರಾಗುವ ದೊಡ್ಡ ಜೌಗುನೆಲ ಫಾಗ್ ಡ್ಯಾಮ್. ಹಂಪ್ಟಿ ಡೂ ಎಂಬಲ್ಲಿ ಭಾರಿ ಪ್ರಮಾಣದಲ್ಲಿ ಭತ್ತ ಬೆಳೆಯುವ ಯೋಜನೆಗಾಗಿ 1956ರಲ್ಲಿ ಕಟ್ಟಿದ ಏರಿ ಅದು. ಆಡಳಿತದ ಕುಂದು, ನೀರಿನ ಮತ್ತು ಮಣ್ಣಿನ ತೊಡಕು, ಇವುಗಳ ಜೊತೆಗೆ ಹಿಂಡುಹಿಂಡಾಗಿ ಬಂದಿಳಿದ ಮ್ಯಾಗ್‌ಪೈ ಹೆಬ್ಬಾತುಗಳು ಸೇರಿ ಕೆಲವೇ ವರ್ಷಗಳಲ್ಲಿ ಯೋಜನೆ ನೆಲ ಕಚ್ಚಿತು. ಭತ್ತ ಹೋಯಿತು, ನೀರು ಉಳಿಯಿತು, ಹಕ್ಕಿಗಳು ಉಳಿದವು. ಇಂದು ಅದು ಸಂರಕ್ಷಿತ ತಾಣ. ಗದ್ದೆಬಯಲಿನ ನಾಡಿನಿಂದ ಹೋದ ನನಗೆ, ನೆಲ ತಾನೇ 'ಬೇಡ' ಎಂದು ಹೇಳಿದ ಆ ಕಥೆ ವಿಶೇಷವಾಗಿ ಕಂಡಿತು.

ಅಲ್ಲಿಂದ ಮುಂದೆ ಮೇರಿ ನದಿಯನ್ನು ದಾಟಿ ಹೋದರೆ ಕಕಡು. ಸುಮಾರು 20,000 ಚದರ ಕಿ.ಮೀ. ವಿಸ್ತಾರದ ಈ ಉದ್ಯಾನ 1979ರಲ್ಲಿ ಘೋಷಣೆಯಾಗಿ 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಪ್ರದೇಶಕ್ಕೆ ಮಳೆಗಾಲ, ಒಣಗಾಲ ಎಂಬ ಎರಡೇ ಕಾಲಗಳೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಅಲ್ಲಿನ ಮೂಲನಿವಾಸಿಗಳಾದ ಬಿನಿಂಜ್ ಜನರಿಗೆ, ನಮ್ಮ ಹಿರಿಯರಿಗೆ ಇದ್ದಂತೆಯೇ, ಋತುಗಳು ಆರು. ಗುಜೆವ್ಗ್ ಎಂಬ ಮುಂಗಾರಿನ ತಿಂಗಳುಗಳಲ್ಲಿ ಬಯಲೆಲ್ಲ ಕಡಲಾಗಿ ಮಣ್ಣಿನ ರಸ್ತೆಗಳು ಮುಚ್ಚಿಹೋಗುತ್ತವೆ. ಯೆಗ್ಗೆ ಎಂಬ ಋತುವಿನಿಂದ ಸಣ್ಣ ಸಣ್ಣ ಬೆಂಕಿಯಿಟ್ಟು ಒಣಹುಲ್ಲನ್ನು ಸುಡಲಾರಂಭಿಸುತ್ತಾರೆ. ಮುಂದೆ ಕಾಡ್ಗಿಚ್ಚು ಹಬ್ಬದಿರಲೆಂಬುದು ಅದರ ಉದ್ದೇಶ. ನಾನು ಹೋದದ್ದು ವುರ್ಗೆಂಗ್ ಎಂಬ ತಂಪುಗಾಲದಲ್ಲಿ. ರಸ್ತೆ ತೆರೆಯುವುದು ನೀರು ಇಳಿದ ಮೇಲೆ. ನಮ್ಮ ರಜೆಯ ಪಂಚಾಂಗ ಅಲ್ಲಿ ಲೆಕ್ಕಕ್ಕಿಲ್ಲ.

ಯೆಲ್ಲೊ ವಾಟರ್ ಎಂಬ ಕೊಳದಲ್ಲಿ ದೋಣಿಯೇರಿದಾಗ ಕಂಡದ್ದು ನಮ್ಮದೇ ತಾವರೆ. ಯಾರೋ ಒಯ್ದು ನೆಟ್ಟದ್ದಲ್ಲ, ಅಲ್ಲಿಯೂ ತಾನಾಗಿ ಬೆಳೆಯುವ ಅದೇ ಜಾತಿ. ಆ ತಾವರೆಯ ಎಲೆಗಳ ನಡುವೆಯೇ ಮೊಸಳೆ. ಚರ್ಮಕ್ಕಾಗಿ ಬೇಟೆಯಾಡಿ ಮುಗಿಸುತ್ತ ಬಂದಿದ್ದ ಉಪ್ಪುನೀರಿನ ಮೊಸಳೆಗೆ 1971ರಲ್ಲಿ ಅಲ್ಲಿನ ಸರ್ಕಾರ ರಕ್ಷಣೆ ಕೊಟ್ಟಿತು. ಈಗ ಆ ಪ್ರಾಂತದಲ್ಲಿ ಅವುಗಳ ಸಂಖ್ಯೆ ಸುಮಾರು ಒಂದು ಲಕ್ಷ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ನಮ್ಮ ಗಾದೆ ಅಲ್ಲಿ ನಡೆಯದು. ನೀರಿನ ಅಂಚಿಗೆ ಹೋಗಬೇಡಿರೆಂಬ ಹಲಗೆಗಳಿವೆ. ಮೊಸಳೆಯ 'ಬೇಡ'ವನ್ನು ಎಲ್ಲರೂ ಪಾಲಿಸುತ್ತಾರೆ, ಪ್ರಾಣಭಯವಿದೆಯಲ್ಲ! ಪ್ರಶ್ನೆ ಏಳುವುದು ಮನುಷ್ಯರು 'ಬೇಡ' ಎಂದಾಗ.

ಉದ್ಯಾನದ ದಕ್ಷಿಣ ಭಾಗದಲ್ಲಿರುವ ಗುನ್ಲೋಮ್ ಜಲಪಾತ ಪ್ರವಾಸಿಗರಿಗೆ ಬಹು ಪ್ರಿಯವಾದ ಸ್ಥಳ. ನಾನು ಹೋದಾಗ ಅದು ಮುಚ್ಚಿತ್ತು. ಕಾರಣ ಮಳೆಯೂ ಅಲ್ಲ, ಮೊಸಳೆಯೂ ಅಲ್ಲ. ಜಾವೊಯ್ನ್ ಜನರ ಪವಿತ್ರ ಸ್ಥಳದ ಹತ್ತಿರ ಉದ್ಯಾನದ ಆಡಳಿತವೇ ವಿಧಿಬದ್ಧ ಅನುಮತಿಯಿಲ್ಲದೆ ಕಾಲುದಾರಿ ನಿರ್ಮಿಸಿತ್ತು. 2019ರಲ್ಲಿ ಜಲಪಾತ ಮುಚ್ಚಿತು. ಪವಿತ್ರ ಸ್ಥಳಗಳನ್ನು ಕಾಯುವ ಪ್ರಾಂತೀಯ ಪ್ರಾಧಿಕಾರ ಮೊಕದ್ದಮೆ ಹೂಡಿತು. ಕೇಂದ್ರದ ಸಂಸ್ಥೆಯನ್ನು ಪ್ರಾಂತದ ಕಾನೂನಿನಡಿ ಶಿಕ್ಷಿಸಬಹುದೇ ಎಂಬ ವಾದ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಆ ಕಾನೂನು ಉದ್ಯಾನದ ನಿರ್ದೇಶಕರ ಕಚೇರಿಗೂ ಅನ್ವಯಿಸುತ್ತದೆಂದು 2024ರಲ್ಲಿ ತೀರ್ಪು ಬಂತು.

ಇಲ್ಲೊಂದು ಮಾತನ್ನು ಗಮನಿಸಬೇಕು. ಕಕಡುವಿನ ಬಹುಪಾಲು ನೆಲ ಕಾನೂನಿನಂತೆ ಮೂಲನಿವಾಸಿಗಳದೇ. ಸರ್ಕಾರ ಅದನ್ನು ಗುತ್ತಿಗೆಗೆ ಪಡೆದು ಉದ್ಯಾನ ನಡೆಸುತ್ತದೆ. ಅಂದರೆ ಅಲ್ಲಿ ಒಡೆಯ ಮೂಲನಿವಾಸಿ, ಗೇಣಿದಾರ ಸರ್ಕಾರ, ನಾವು ಅತಿಥಿಗಳು. ವಿಶ್ವ ಪರಂಪರೆಯೆಂದರೆ ವಿಶ್ವಕ್ಕೆಲ್ಲ ಸೇರಿದ್ದು, ದೂರದಿಂದ ಹಣ ತೆತ್ತು ಬಂದವರನ್ನು ತಡೆಯುವುದು ಸರಿಯೇ ಎಂದು ವಾದಿಸುವವರುಂಟು. ಪ್ರವಾಸಿಗರು ಕಡಿಮೆಯಾದರೆ ಸ್ಥಳೀಯರ ಆದಾಯಕ್ಕೇ ಪೆಟ್ಟು ಎಂಬ ವಾದವೂ ಇದೆ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ನಷ್ಟವನ್ನು ತೂಗಿ ನೋಡಬೇಕಾದವರು ಮನೆಯವರು, ಅತಿಥಿಗಳಲ್ಲ. ಊಟಕ್ಕೆ ಕರೆದರೆಂದು ದೇವರಕೋಣೆಗೂ ನುಗ್ಗುವ ಹಕ್ಕು ನಮಗಿದೆಯೇ?

ಈ 'ಬೇಡ'ದ ಬೆಲೆ ಏನೆಂಬುದನ್ನು ಕಕಡುವಿನ ಎರಡು ಗಣಿಗಳ ಕಥೆ ಹೇಳುತ್ತದೆ. ರೇಂಜರ್ ಎಂಬಲ್ಲಿ ಯುರೇನಿಯಂ ಗಣಿ ಬೇಡವೆಂದು ಆ ನೆಲದ ಮಿರಾರ್ ಜನ ವಿರೋಧಿಸಿದರು. 1976ರ ಭೂಮಿ ಹಕ್ಕು ಕಾಯಿದೆಯಲ್ಲಿ ಆ ಒಂದು ಗಣಿಯ ಮಟ್ಟಿಗೆ ಅವರ ನಿರಾಕರಣೆಯ ಹಕ್ಕನ್ನೇ ತೆಗೆದುಹಾಕಲಾಯಿತು. ಅದಿರು ಸಂಸ್ಕರಣೆ 2021ರ ಜನವರಿಯಲ್ಲಿ ನಿಂತಿತು. ಅಗೆದ ನೆಲವನ್ನು ಸರಿಪಡಿಸುವ ಕೆಲಸ ಉಳಿಯಿತು. ಕೂಂಗಾರ ಎಂಬಲ್ಲಿಯೂ ಯುರೇನಿಯಂ ಇತ್ತು. ಆ ನೆಲದ ಹಿರಿಯ ಒಡೆಯ, ಜೋಕ್ ಕುಲದ ಜೆಫ್ರಿ ಲೀ, ಕೋಟ್ಯಂತರ ಹಣದ ಆಸೆಗೆ ಒಪ್ಪದೆ 'ಬೇಡ' ಎಂದರು. 2011ರಲ್ಲಿ ಆ ಪ್ರದೇಶ ವಿಶ್ವ ಪರಂಪರೆಗೆ ಸೇರಿತು, 2013ರಲ್ಲಿ ಉದ್ಯಾನಕ್ಕೆ ಸೇರಿತು. ಮೊದಲನೆಯ ಕಡೆ 'ಬೇಡ'ವನ್ನು ಮೀರಿದರು, ನೆಲ ಬಗೆದುಹೋಯಿತು. ಎರಡನೆಯ ಕಡೆ ಕೇಳಿದರು, ನೆಲ ಉಳಿಯಿತು.

ನಮ್ಮಲ್ಲಿಯೂ 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಜನರ ಗ್ರಾಮಸಭೆಗೆ ದನಿ ಕೊಟ್ಟಿದೆ. ನಾಗರಹೊಳೆಯ ಜೇನುಕುರುಬರು ಆ ದನಿಗಾಗಿ ಎಷ್ಟು ಬಾಗಿಲು ತಟ್ಟಬೇಕಾಗಿದೆಯೆಂಬುದನ್ನು ಬಲ್ಲವರು, ಕಕಡುವಿನಲ್ಲಿ ಮುಚ್ಚಿದ ಒಂದು ದಾರಿಯ ಅರ್ಥವನ್ನು ಬೇಗ ಗ್ರಹಿಸಿಯಾರು.

ದೇಶ ಸುತ್ತಬೇಕು, ನಿಜ. ಆದರೆ ಸುತ್ತುವವನಿಗೆ ಹಿಂದಿರುಗುವ ವಿವೇಕವೂ ಇರಬೇಕು. ಅಡ್ಡಹಾಕಿದ ದಾರಿಯ ಎದುರು ಗೊಣಗದೆ ಗಾಡಿ ತಿರುಗಿಸುವುದು ಪ್ರವಾಸಿಗನು ಆ ನೆಲಕ್ಕೆ ಸಲ್ಲಿಸಬಹುದಾದ ಮೊದಲ ಗೌರವ. ಹಕ್ಕಿನಿಂದ ಹೇಳಿದ 'ಬೇಡ'ಕ್ಕೆ ಬೆಲೆಯಿರುವ ಕಡೆಯಲ್ಲಿ ಮಾತ್ರ 'ಬನ್ನಿ' ಎಂಬ ಮಾತಿಗೂ ನಿಜವಾದ ಅರ್ಥವಿರುತ್ತದೆ.